ಬಾಗಿಲ ಕಿಸೆ

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆಂದು ಕಲೀನಾದ ವಿದ್ಯಾನಗರಿಗೆ ಹೋಗಿಬರುವ ನಮ್ಮವರಿಗೆ ಸಿ.ಎಸ್.ಟಿ. ರೋಡ್ ಹೊಸದೇನಲ್ಲ. ಕುರ್ಲಾ ಪಶ್ಚಿಮದಲ್ಲಿ ರಿಕ್ಷಾ ಹಿಡಿದು, ಮಿಠಿ ನದಿಯನ್ನು ದಾಟಿ, ಹಾರ್ನುಗಳ ಗದ್ದಲದ ನಡುವೆ ಸಾಗುವಾಗ, ಇಕ್ಕೆಲದಲ್ಲೂ ತೂಗುಹಾಕಿದ ಸೀಟ್ ಕವರು, ಮ್ಯಾಟು, ರೆಕ್ಸಿನ್ ಸುರುಳಿಗಳನ್ನು ಕಂಡು, ಇದು ಮೋಟಾರುಗಳ ಬಟ್ಟೆಯಂಗಡಿಯೇ ಸರಿ ಎಂದುಕೊಂಡವರು ಬಹಳ ಮಂದಿ. ಆದರೆ ಬೀದಿಯ ಹೆಸರಿನ ಗುಟ್ಟು ಎಲ್ಲರಿಗೂ ತಿಳಿದಿರಲಾರದು. ಬೋರಿಬಂದರಿನ ನಿಲ್ದಾಣಕ್ಕೂ ಈ ಸಿ.ಎಸ್.ಟಿ.ಗೂ ಯಾವ ನಂಟೂ ಇಲ್ಲ. ಇದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂಬುದರ ಮೊಟಕು ರೂಪ. 1928ರಲ್ಲಿ ತ್ರಾಂಬೆಯಿಂದ ಕುರ್ಲಾ ಮಾರ್ಗವಾಗಿ ಅಂಧೇರಿಗೆ ಆ ಹೆಸರಿನ ರೈಲುಹಾದಿ ಹಾಕಿದರು. ಆರೇ ವರ್ಷದಲ್ಲಿ, 1934ರಲ್ಲಿ, ಅದು ನಿಂತುಹೋಯಿತು. ರೈಲು ಹೋದರೂ ಅದರ ಹೆಸರು ರಸ್ತೆಯ ಪಾಲಿಗೆ ಉಳಿಯಿತು.

ಈ ಬೀದಿಗೆ ನಾವು ಹೋದದ್ದು ನಮ್ಮ ಹಳೆಯ ಜೀಪಿನ ಬಾಗಿಲುಗಳಿಗೆ ಕಿಸೆ ಹೊಲಿಸಲು. ಮೋಟಾರಿಗೂ ಕಿಸೆಯೆ ಎಂದು ವಾಚಕರು ನಗಬೇಡಿ. ಜೀಪು ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ಗಾಡಿ. ಸಿಪಾಯಿ ಕ್ಷಣದಲ್ಲಿ ಹತ್ತಿ ಇಳಿಯಬೇಕೆಂದು ಅದಕ್ಕೆ ಬಾಗಿಲನ್ನೇ ಇಟ್ಟಿರಲಿಲ್ಲ. ಈ ಮುಂಬಯಿಯ ಮಝಗಾಂವಿನಲ್ಲಿಯೇ ನಮ್ಮ ದೇಶದ ಜೀಪುಗಳ ಜೋಡಣೆ ಆರಂಭವಾಯಿತು. ಕಾಡು, ಘಟ್ಟ, ಕೆಸರುಗದ್ದೆಗಳಲ್ಲಿ ಓಡಾಡುವ ಸಂಸಾರಿಗರ ಕೈಗೆ ಬಂದಮೇಲೆ ಅದಕ್ಕೆ ಬಾಗಿಲು ಬಂತು, ಬಾಗಿಲಿಗೆ ಒಳಹೊದಿಕೆ ಬಂತು, ಹೊದಿಕೆಗೆ ಕಿಸೆಯೂ ಬಂತು. ಸಂಸಾರ ಎಂದಮೇಲೆ ಸಣ್ಣಪುಟ್ಟ ಸಾಮಾನು ಇಡಲು ಒಂದು ಜಾಗ ಬೇಡವೆ?

ನಮ್ಮ ಜೀಪಿನ ಕಿಸೆಗಳು ಹಲವು ಮಳೆಗಾಲ ಕಂಡವು. ಒಳಹೊದಿಕೆಯ ಹಾರ್ಡ್‌ಬೋರ್ಡು ನೀರು ಕುಡಿದು ಉಬ್ಬಿ ಹಪ್ಪಳದಂತೆ ಸೊಟ್ಟಗಾಗಿತ್ತು. ರೆಕ್ಸಿನ್ ಮೆದುವಾಗಿರಲು ಅದರಲ್ಲಿ ಒಂದು ಬಗೆಯ ಎಣ್ಣೆಯಂಥ ವಸ್ತು ಸೇರಿರುತ್ತದೆ. ವರ್ಷಾನುವರ್ಷ ಬಿಸಿಲಿಗೆ ಅದು ಆರಿಹೋದಾಗ ರೆಕ್ಸಿನ್ ಬಿರಿಯುತ್ತದೆ. ಬಾಯಿಯ ಎಲಾಸ್ಟಿಕ್ಕಿನೊಳಗಿನ ರಬ್ಬರು ಜೀವ ಕಳೆದುಕೊಂಡು ಕಿಸೆ ಜೋತುಬಿದ್ದಿತ್ತು. ಹತ್ತಿಯ ದಾರವಂತೂ ತೇವಕ್ಕೆ ಕೊಳೆತು, ಬೆರಳು ಸೋಕಿದರೆ ಬಿಡುತ್ತಿತ್ತು.

ಇಷ್ಟಾದರೂ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಲೆಕ್ಕಕ್ಕೆ ಬಂದದ್ದು ದೇವಿಮನೆ ಘಟ್ಟದಲ್ಲಿ. ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನ ಮುಗಿಸಿ ಕುಮಟೆಗೆ ಇಳಿಯುತ್ತಿದ್ದೆವು. ತಮ್ಮ ಚಕ್ರ ಹಿಡಿದಿದ್ದ. ಒಂದು ತಿರುವಿನಲ್ಲಿ ಅವನ ಬದಿಯ ಕಿಸೆಯ ಮೂಲೆ ಹರಿದು, ಸ್ಟೀಲಿನ ನೀರಿನ ಬಾಟಲಿ ಕೆಳಗೆ ಬಿದ್ದು, ಉರುಳಿ ಬ್ರೇಕಿನ ಪೆಡಲಿನಡಿ ಸೇರಿತು. ಪೆಡಲು ತುಳಿದರೆ ಇಳಿಯಲೊಲ್ಲದು! ಗಾಡಿ ಎರಡನೆಯ ಗೇರಿನಲ್ಲಿತ್ತು, ಪುಣ್ಯ. ತಮ್ಮ ಮೆಲ್ಲಗೆ ಕೈಬ್ರೇಕು ಎಳೆದ. ನಾನು ಬಗ್ಗಿ ಬಾಟಲಿಯನ್ನು ಈಚೆಗೆಳೆದೆ. ಎಲ್ಲ ಕೂಡಿ ನಾಲ್ಕೈದು ಕ್ಷಣ ಆಗಿದ್ದೀತು. ರಸ್ತೆಯ ಬದಿಗೆ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದೆ ಕುಳಿತಿದ್ದ ಆಯಿ ಕಡೆಗೆ, "ಕಿಸೆ ಹರಿದರೆ ಕಾಸು ಬೀಳುತ್ತದೆ ಅಂದುಕೊಂಡಿದ್ದೆ. ಇಲ್ಲಿ ನಾಲ್ಕು ಜೀವ ಬೀಳುತ್ತಿತ್ತಲ್ಲೋ" ಎಂದರು.

ಮುಂಬಯಿಗೆ ಮರಳಿದ ಮೇಲೆ ಮನೆಯಲ್ಲಿ ಚರ್ಚೆಯಾಯಿತು. ಜೀಪಿನ ಹದಿನೈದು ವರ್ಷದ ನೋಂದಣಿ ಮುಗಿದು, ತಪಾಸಣೆ ಮಾಡಿಸಿ ಐದು ವರ್ಷ ಮುಂದುವರಿಸಿದ್ದೆವು. "ಮಾರಿಬಿಡೋಣ ಅಣ್ಣ, ಇನ್ನೆಷ್ಟು ತೇಪೆ ಹಾಕುವುದು?" ಎಂದು ತಮ್ಮ. "ಇಂಜಿನ್ನು ಗಟ್ಟಿಮುಟ್ಟಾಗಿದೆ, ಊರಿನ ತೋಟದ ದಾರಿ ಹತ್ತುವ ಗಾಡಿ ಇದೊಂದೇ. ಕಿಸೆ ಹರಿಯಿತೆಂದು ಯಾರಾದರೂ ಅಂಗಿಯನ್ನೇ ಎಸೆಯುತ್ತಾರೆಯೆ?" ಎಂದು ನಮ್ಮ ಮನೆಯವರು. ಹೀಗೆ ಅಂಗಿ ಉಳಿಯಿತು. ಕಿಸೆಗಾಗಿ ನಾವು ಸಿ.ಎಸ್.ಟಿ. ರೋಡಿಗೆ ಹೊರಟೆವು.

ಮೊದಲ ಅಂಗಡಿಯವನು ಎರಡೂ ಬಾಗಿಲಿನ ಹೊದಿಕೆಯನ್ನು ಪೂರ್ತಿ ಬದಲಾಯಿಸಬೇಕೆಂದ. ಎರಡನೆಯವನು ಕೊಕ್ಕೆಗೆ ಸಿಕ್ಕಿಸುವ ಸಿದ್ಧ ಚೀಲ ತೋರಿಸಿದ. ಜೀಪಿನ ಕುಲುಕಾಟಕ್ಕೆ ಅದು ತೊಟ್ಟಿಲಾಡುವುದೇ ಸೈ. ಮೂರನೆಯ ಕಡೆ, ಗಲ್ಲಿಯ ಒಳಗೆ, ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ವೃದ್ಧರೊಬ್ಬರು ಬಾಗಿಲನ್ನು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಸೇಠ್, ಇದರಲ್ಲಿ ಏನೇನು ಇಡುತ್ತೀರಿ?"

ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ! ನಾವು ಹೇಳತೊಡಗಿದೆವು: ನೀರಿನ ಬಾಟಲಿ, ಬ್ಯಾಟರಿ, ಛತ್ರಿ, ಕಾಗದಪತ್ರ, ಕನ್ನಡಕ, ಆಯಿಯ ಮಾತ್ರೆ, ಒರೆಸುವ ಬಟ್ಟೆ, ಟೋಲಿನ ರಸೀದಿ, ಮಕ್ಕಳ ಪೆಪ್ಪರಮೆಂಟು. ಚಾಚಾ ನಕ್ಕು, "ಇದು ಕಿಸೆಯಲ್ಲ, ಗೋದಾಮು. ದೊಡ್ಡದು ಹೊಲಿದರೆ ನೀವು ದೊಡ್ಡ ಭಾರವನ್ನೇ ತುಂಬುತ್ತೀರಿ. ಚಾಲಕನ ಬದಿಗೆ ಅಂಗೈ ಆಳದ ಕಿಸೆ ಸಾಕು, ಅದರಲ್ಲಿ ಬಾಟಲಿ ನಿಲ್ಲಲೇಬಾರದು" ಎಂದರು. ಅಳತೆ ಅಲ್ಲಿಗೆ ತೀರ್ಮಾನವಾಯಿತು.

ಅವರ ಕೆಲಸ ನೋಡುವಂಥದು. ತೆಳುವಾದ ಚಪ್ಪಟೆ ಪಟ್ಟಿಯನ್ನು ಹೊದಿಕೆಯ ಹಿಂದೆ ತೂರಿಸಿ, ಪ್ರತಿಯೊಂದು ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ, ಒಂದೂ ಮುರಿಯದಂತೆ ಬಿಚ್ಚಿದರು. ಹೊದಿಕೆಯ ಹಿಂದೆ ಬಾಗಿಲಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹರಿದಿತ್ತು. ಗಾಜಿನ ಸಂದಿಯಿಂದ ಇಳಿಯುವ ಮಳೆನೀರನ್ನು ತಡೆಯುವುದು ಆ ಹಾಳೆಯೇ. "ಇದನ್ನು ಬಿಟ್ಟು ಕಿಸೆ ಮಾತ್ರ ಹೊಲಿದರೆ ಬರುವ ಮಳೆಗಾಲಕ್ಕೆ ಮತ್ತೆ ನನ್ನಲ್ಲಿಗೇ ಬರುತ್ತೀರಿ" ಎಂದು ಮೊದಲು ಅದನ್ನು ಬದಲಾಯಿಸಿದರು. ಕೊಳೆತ ಹಾರ್ಡ್‌ಬೋರ್ಡನ್ನೇ ಮಾದರಿಯಾಗಿಟ್ಟು, ಸೀಸದ ಕಡ್ಡಿಯಿಂದ ಗೆರೆ ಎಳೆದು, ನೀರು ಹೀರದ ಪ್ಲಾಸ್ಟಿಕ್ ಹಲಗೆ ಕತ್ತರಿಸಿದರು.

ಹೊಲಿಗೆಯಲ್ಲೂ ಒಂದು ಪಾಠ ಸಿಕ್ಕಿತು. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂದು ನಾವೆಲ್ಲ ತಿಳಿದಿರುತ್ತೇವೆ. ರೆಕ್ಸಿನ್ನಿಗೆ ಹಾಗಲ್ಲ. ಬಟ್ಟೆಯ ಎಳೆಗಳು ಸರಿದು ಸೂಜಿಗೆ ದಾರಿ ಬಿಡುತ್ತವೆ. ರೆಕ್ಸಿನ್ನಿನಲ್ಲಿ ಬಿದ್ದ ತೂತು ತೂತಾಗಿಯೇ ಉಳಿಯುತ್ತದೆ. ತೂತುಗಳು ಹತ್ತಿರ ಹತ್ತಿರವಾದರೆ ಅಂಚೆಚೀಟಿಯ ಅಂಚಿನಂತೆ ಗೆರೆಯುದ್ದಕ್ಕೂ ಹರಿಯುತ್ತದೆ. ಆದ್ದರಿಂದ ಚಾಚಾ ನೈಲಾನ್ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ, ಭಾರ ಬೀಳುವ ಮೇಲಿನ ಮೂಲೆಗಳಿಗೆ ಒಳಗಿನಿಂದ ಕ್ಯಾನ್ವಾಸಿನ ತುಂಡು ಕೊಟ್ಟರು. ತಳದಲ್ಲಿ ಎರಡು ಹಿತ್ತಾಳೆಯ ಉಂಗುರ ಕೂರಿಸಿದರು. ಒದ್ದೆ ಛತ್ರಿಯ ನೀರು ಇಳಿದುಹೋಗಲು ಅದು ದಾರಿ. ಎಡಬದಿಯ ಆಳದ ಕಿಸೆಯ ಬಾಯಿಗೆ ಎಲಾಸ್ಟಿಕ್ಕಿನ ಜೊತೆಗೆ ಟಿಚ್ ಬಟನ್ ಇರುವ ಪಟ್ಟಿಯೂ ಬಂತು. ಸಂಜೆಯೊಳಗೆ ಕೆಲಸ ಮುಗಿಯಿತು. ಕೂಲಿ ಮೊದಲನೆಯ ಅಂಗಡಿಯವನು ಹೇಳಿದ್ದರ ಕಾಲುಭಾಗವೂ ಆಗಲಿಲ್ಲ.

ಇನ್ನು ಮನೆಯಲ್ಲಿ ಹಂಚಿಕೆ. ಚಾಲಕನ ಕಿಸೆಗೆ ಕನ್ನಡಕ, ಒರೆಸುವ ಬಟ್ಟೆ, ರಸೀದಿ. ಎಡಗಡೆಗೆ ಬ್ಯಾಟರಿ, ಮಡಿಸುವ ಛತ್ರಿ, ಔಷಧ. ನೀರಿನ ಬಾಟಲಿಗಳು ಹಿಂದಿನ ಬುಟ್ಟಿಗೆ ಹೋದವು. ಗಾಡಿಯ ಕಾಗದಪತ್ರಗಳನ್ನು 2018ರಿಂದ ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ. ಆದರೂ "ಘಟ್ಟದಲ್ಲಿ ಫೋನು ಸತ್ತರೆ ಏನು ತೋರಿಸುತ್ತೀಯ?" ಎಂದು ಆಯಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಒಂದೊಂದು ಪ್ರತಿ ಇರಿಸಿದರು.

ಚೌತಿಗೆ ಕೊಂಕಣದ ಹೆದ್ದಾರಿ ಹಿಡಿದೆವು. ಮಳೆ ಎಡೆಬಿಡದೆ ಸುರಿಯಿತು. ಮಹಾಡದ ಬಳಿ ಸಾವಿತ್ರಿ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಲ್ಲಿಯ ಹಳೆಯ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಬಸ್ಸುಗಳ ಸಮೇತ ಕೊಚ್ಚಿಹೋದುದನ್ನು ಈ ದಾರಿಯಲ್ಲಿ ಊರಿಗೆ ಹೋಗುವ ಯಾರೂ ಮರೆತಿಲ್ಲ. ಹೊಸ ಸೇತುವೆಯ ಮೇಲೆ ಹೋಗುವಾಗಲೂ ಗಾಡಿಯೊಳಗೆ ಮಾತು ನಿಲ್ಲುತ್ತದೆ. ಕತ್ತಲಾದ ಮೇಲೆ ಒಂದೆಡೆ ಟಯರು ಪಂಕ್ಚರ್ ಆಯಿತು. ಕೈ ನೇರವಾಗಿ ಎಡಗಡೆಯ ಕಿಸೆಗೆ ಹೋಯಿತು. ಬ್ಯಾಟರಿ ಇಟ್ಟಲ್ಲಿಯೇ, ಒಣಗಿದಂತೆಯೇ ಇತ್ತು. ಅದರ ಬೆಳಕಿನಲ್ಲಿ ತಮ್ಮ ಚಕ್ರ ಬದಲಿಸಿದ. ಆಮೇಲೆ ಮಾರಾಟದ ಮಾತನ್ನು ಅವನು ಎತ್ತಿಲ್ಲ.

ನಮ್ಮ ಬಳಗದಲ್ಲಿ ವರ್ಷಕ್ಕೊಮ್ಮೆಯಾದರೂ ಸ್ವಂತ ಗಾಡಿಯಲ್ಲಿ ಊರಿಗೆ ಹೋಗುವ ಮನೆಗಳು ಎಷ್ಟೋ ಇವೆ. ಹೊರಡುವ ಮುನ್ನ ಟಯರಿಗೆ ಗಾಳಿ, ಇಂಜಿನ್ನಿಗೆ ಎಣ್ಣೆ ನೋಡುತ್ತೀರಿ, ಸರಿ. ಬಾಗಿಲ ಕಿಸೆಯೊಳಗೂ ಒಮ್ಮೆ ಕೈಹಾಕಿ ನೋಡಿ. ಹೊಲಿಗೆ ಬಿಟ್ಟಿದ್ದರೆ ಹೊಲಿಸಿರಿ. ಉರುಳುವಂಥದು ಏನಾದರೂ ಚಾಲಕನ ಬದಿಗಿದ್ದರೆ ಇಂದೇ ತೆಗೆದುಬಿಡಿ.