ಗೊರಕೆ ನಿಂತ ಮೇಲೆ

ಗೊರಕೆ ಅಂದರೆ ಗಡದ್ದು ನಿದ್ದೆ ಎಂದೇ ನಾವು ಗಂಡ ಹೆಂಡತಿ ನಂಬಿದ್ದೆವು. ಕರಿಘಟ್ಟದಿಂದ ಸುದ್ದಿ ಮುಗಿಸಿಕೊಂಡು ಮರಳುವಾಗ ಬೈಕಿನ ಮೇಲೇ ತೂಕಡಿಸಿ, ಇಬ್ಬರೂ ಗದ್ದೆಗಿಳಿದ ದಿನ ಆ ನಂಬಿಕೆ ಹೋಯಿತು.

ಮೈಸೂರಿನಲ್ಲಿ ರಾತ್ರಿಯಿಡೀ ಪರೀಕ್ಷೆ. ಗಂಟೆಗೆ 38 ಸಲ ಉಸಿರಿಗೆ ಅಡ್ಡಿ. 30 ಮುಟ್ಟಿದರೇ ತೀವ್ರ ಸ್ಲೀಪ್ ಆಪ್ನಿಯ. ನಿದ್ದೆಯಲ್ಲಿ ಸಡಿಲಾಗಿ ಮುಚ್ಚಿಕೊಳ್ಳುವ ಗಂಟಲನ್ನು ಗಾಳಿಯ ಒತ್ತಡದಿಂದ ತೆರೆದಿಡುವ ಸಿಪ್ಯಾಪ್ ಯಂತ್ರ ಮನೆಗೆ ಬಂತು. ‘ಅಪ್ಪಂಗೆ ಸೊಂಡ್ಲು ಬಂದದೆ’ ಎಂದು ಮಗಳು ನಕ್ಕಳು. ಮೊದಲ ವಾರ ಬಾಯಿ ಒಣಗಿ, ನಡುರಾತ್ರಿ ಮಾಸ್ಕ್ ಕಿತ್ತಿಟ್ಟದ್ದೇ ಹೆಚ್ಚು. ಮಾಸ್ಕಿನ ಅಳತೆ ಬದಲಿಸಿ, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಜೋಡಿಸಿದ ಮೇಲೆ ಒಗ್ಗಿತು.

ಈಗ ಬೆಳಗಿನ ತಲೆನೋವಿಲ್ಲ. ಆದರೆ ಕರೆಂಟ್ ಹೋದರೆ ಯಂತ್ರವೂ ನಿಲ್ಲುತ್ತದೆ. ಸುದ್ದಿಗಿಷ್ಟು ಎಂದು ಸಿಗುವ ಕಾಸಿನಲ್ಲಿ ಇನ್ವರ್ಟರ್ ಇನ್ನೂ ಆಗಿಲ್ಲ. ಅಂಥ ರಾತ್ರಿ ನಮ್ಮಲ್ಲೊಬ್ಬರು ಮಗ್ಗುಲಾಗಿ ಮಲಗುತ್ತೇವೆ, ಇನ್ನೊಬ್ಬರು ಉಸಿರು ಎಣಿಸುತ್ತೇವೆ.