ಬರಬೇಕಾದ ಬಾಕಿ

ಬಾಂದ್ರಾದ ಮೌಂಟ್ ಮೇರಿ ಚರ್ಚಿಗೆ ಹೋದವರಿಗೆಲ್ಲ ಅಲ್ಲಿಯ ಮೇಣದ ಅಂಗಡಿಗಳು ಗೊತ್ತು. ಮೇಣದ ಕೈ, ಮೇಣದ ಕಾಲು, ಮೇಣದ ಮನೆ, ಮೇಣದ ಕೂಸು. ಕಾಲುನೋವಿನವರು ಕಾಲನ್ನೂ, ಖೋಲಿ ಸಿಗದವರು ಮನೆಯನ್ನೂ ಕೊಂಡು ಮಾತೆಗೆ ಒಪ್ಪಿಸುತ್ತಾರೆ. ಸಪ್ಟೆಂಬರ್ 8 ಮೇರಿಮಾತೆಯ ಹುಟ್ಟುಹಬ್ಬ. ಅದಾದ ಭಾನುವಾರದಿಂದ ಒಂದು ವಾರ ಜಾತ್ರೆ. ಮೀನುಗಾರ ಕೋಲಿ ಜನರಿಗೆ ಅವಳು ಮೋತ ಮಾವುಲಿ. ಸರದಿಯಲ್ಲಿ ಹಿಂದೂಗಳೂ ಇರುತ್ತಾರೆ, ಪಾರ್ಸಿಗಳೂ ಇರುತ್ತಾರೆ. ಇದು ಹರಕೆಯಲ್ಲದೆ ಮತ್ತೇನು? ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು ಒಪ್ಪಿಸುವುದಿಲ್ಲವೆ?

ಹೀಗೆಂದು ಎದುರು ಖೋಲಿಯ ಬಾಯಿಯವರನ್ನು ಕೇಳಿದೆ. (ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎನ್ನುತ್ತೇವೆ, ಗಂಡಸರಾದರೆ ಪೊರ್ಬು.) ಉಡುಪಿ ಕಡೆಯವರು. "ಅದು ಬೆಲೆಯಲ್ಲ ಪುತಾ. ದೇವರಿಗೆ ನಾವು ಏನು ಕೊಟ್ಟು ತೀರಿಸಲಿಕ್ಕುಂಟು? ಮಾತೆಯನ್ನು ಪೂಜೆ ಮಾಡುವುದೂ ಅಲ್ಲ. ಮಗನ ಹತ್ತಿರ ನಮಗಾಗಿ ಒಂದು ಮಾತು ಹೇಳು ಅಂತ ಕೇಳುವುದು, ಅಷ್ಟೆ" ಎಂದರು. "ಹಾಗಾದರೆ ವಶೀಲಿ" ಎಂದೆ. ನಕ್ಕುಬಿಟ್ಟರು.

ಸಿದ್ಧಾಂತ ಹೇಳುವುದೂ ಅದನ್ನೇ, ದೇವರ ಕೃಪೆ ಮಾರಾಟದ ಸರಕಲ್ಲ ಎಂದು. 1517ರಲ್ಲಿ ಮಾರ್ಟಿನ್ ಲೂಥರ್ ಜಗಳ ತೆಗೆದದ್ದು ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಹಣಕ್ಕೆ ಪತ್ರ ಮಾರುತ್ತಿದ್ದುದರ ಮೇಲೆ. ಆ ಜಗಳ ಬೆಳೆದು ಚರ್ಚೇ ಒಡೆಯಿತು. ಆದರೂ ಮೇಣದ ಕಾಲು ಹಿಡಿದು ಸರದಿಯಲ್ಲಿ ನಿಂತವನ ಮನಸ್ಸಿನಲ್ಲಿ ಕೊಡು-ಕೊಳ್ಳುವ ಲೆಕ್ಕ ಒಂದಿಷ್ಟೂ ಇಲ್ಲವೆಂದು ಒಪ್ಪಲು ನಾನು ಈಗಲೂ ತಯಾರಿಲ್ಲ. ಅದಿರಲಿ.

ಕಾಮರ್ಸ್ ಓದುವ ನನಗೆ ಹಿಡಿಸಿದ್ದು ಬೇರೆ ಲೆಕ್ಕ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕತೆಯಿದೆ. ಆಳೊಬ್ಬ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕು. ಅಡ್ಡಬಿದ್ದ, ಅರಸ ಪೂರ್ತಿ ಮನ್ನಾ ಮಾಡಿದ. ಅದೇ ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು, ಸೆರೆಗೆ ಹಾಕಿಸಿದ. ದಿನಾರಿಯೆಂದರೆ ಆಗಿನ ಕಾಲದ ಒಂದು ದಿನದ ಕೂಲಿ. ತಲಾಂತೆಂದರೆ ಸುಮಾರು ಆರು ಸಾವಿರ ದಿನಾರಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗುಣಿಸಿ ನೋಡಿದೆ: ಆರು ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ತೀರಲು ಎರಡು ಲಕ್ಷ ವರ್ಷ ಬೇಕು. ಯಾವ ಆಡಿಟರನೂ ಇದನ್ನು ವಸೂಲಾಗುವ ಬಾಕಿ ಎಂದು ಪುಸ್ತಕದಲ್ಲಿ ಇಡಗೊಡಲಾರ. ಮನುಷ್ಯ ದೇವರಿಗೆ ಕೊಡಬೇಕಾದದ್ದು ಅಷ್ಟು, ಮನುಷ್ಯ ಮನುಷ್ಯನಿಗೆ ಕೊಡಬೇಕಾದದ್ದು ನೂರು ದಿನದ ಕೂಲಿ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಈ ಲೆಕ್ಕ ಬರುತ್ತದೆ. ತಮಗೆ ತಪ್ಪಿದವರನ್ನು ತಾವು ಬಿಟ್ಟುಕೊಟ್ಟ ಹಾಗೆ ದೇವರು ತಮ್ಮನ್ನೂ ಬಿಡಲಿ ಎಂಬ ಬೇಡಿಕೆ. ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಸಾಲವೆಂಬ ಅರ್ಥದ ಶಬ್ದವೇ.

ಬಾಯಿಯವರ ಮನೆಯಲ್ಲಿ ದಿನಾ ರಾತ್ರಿ ತೇರ್ಸ್, ಎಂದರೆ ಜಪಮಾಲೆ. ಹತ್ತು ಹತ್ತು ಮಣಿಗೊಮ್ಮೆ ಈ ಪ್ರಾರ್ಥನೆ. ಬಾಗಿಲು ತೆರೆದೇ ಇರುವುದರಿಂದ ನನಗೂ ಅರ್ಧ ಬಾಯಿಪಾಠವಾಗಿದೆ. ಎಲ್ಲರಿಗಿಂತ ಬಾಯಿಯವರ ಸ್ವರವೇ ದೊಡ್ಡದು. ಆದರೆ ಆ ಒಂದು ಸಾಲಿಗೆ ಮಾತ್ರ ಅವರ ಸ್ವರ ಇರುವುದಿಲ್ಲ, ಮಕ್ಕಳೇ ಹೇಳಿ ದಾಟಿಸುತ್ತಾರೆ.

ಕಾರಣ ಇಡೀ ಚಾಳಿಗೆ ಗೊತ್ತು. ಊರ ಮನೆಯ ಮಾಡು ಹೊಸದು ಮಾಡಿಸಲಿಕ್ಕೆಂದು ಹದಿನಾಲ್ಕು ವರ್ಷ ಹೊಲಿಗೆ ಮೆಷಿನ್ ತುಳಿದು ಕೂಡಿಸಿದ ಹಣವನ್ನು ತಮ್ಮ ಕುವೈತಿಗೆ ಹೋಗುವುದಕ್ಕೆಂದು ತೆಗೆದುಕೊಂಡ. ಹೋದ, ಸಂಪಾದಿಸಿದ, ಮದುವೆಯಾದ. ಹಣದ ಸುದ್ದಿಯೇ ಇಲ್ಲ. ಸೋರುವ ಮಾಡಿನ ಕೆಳಗೇ ತಾಯಿ ತೀರಿಕೊಂಡರು.

"ಕನ್ಯೆ ಹೆತ್ತಳು, ಸತ್ತವನು ಮೂರನೇ ದಿನ ಎದ್ದ, ಅದನ್ನೆಲ್ಲ ನಂಬಲಿಕ್ಕೆ ನನಗೇನೂ ತ್ರಾಸಿಲ್ಲ ಪುತಾ" ಎಂದರು ಒಮ್ಮೆ. "ಈ ಸಾಲಿಗೆ ನಾಲಿಗೆ ಏಳುವುದಿಲ್ಲ. ಹೇಳಿದರೆ ಸುಳ್ಳು ಹೇಳಿದ ಹಾಗೆ. ದೇವರ ಎದುರು ಕೂತು ಸುಳ್ಳು ಹೇಳುವುದು ಹೇಗೆ?"

ಎಲ್ಲವನ್ನೂ ಗಟ್ಟಿಯಾಗಿ ಹೇಳಿ ಮುಗಿಸುವವರನ್ನು ನಾನು ನಮ್ಮವರಲ್ಲೂ ಬೇಕಾದಷ್ಟು ಕಂಡಿದ್ದೇನೆ. ಸುಮ್ಮನಾಗುವ ಪ್ರಸಂಗ ಅವರಿಗೆ ಬರುವುದೇ ಇಲ್ಲ.

ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಸಪ್ಟೆಂಬರ್ 8 ಮೊಂತಿ ಹಬ್ಬ, ತೆನೆ ಹಬ್ಬ. ಚರ್ಚಿನಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಆ ದಿನ ಮೀನು ಮಾಂಸ ಇಲ್ಲ. ದೂರದಲ್ಲಿದ್ದವರ ಪಾಲು ಅಂಚೆಯಲ್ಲಿ ಹೋಗುತ್ತದೆ. ಕಳೆದ ಹಬ್ಬದಂದು ಬಾಯಿಯವರು ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯಲು ನನ್ನನ್ನು ಕರೆದರು. ಕುವೈತಿನ ವಿಳಾಸ. ಒಳಗೆ ನಾಲ್ಕೈದು ಕಾಳು ಭತ್ತ, ಕಾಗದ ಇಲ್ಲ. ನಾನು ಮುಖ ನೋಡಿದೆ. "ಹಣ ಬೇರೆ, ತೆನೆ ಬೇರೆ. ಅವನ ಪಾಲು ಅವನಿಗೆ ಹೋಗಬೇಕಲ್ಲ" ಎಂದರು.

ಆ ರಾತ್ರಿಯ ತೇರ್ಸಿನಲ್ಲೂ ಆ ಸಾಲನ್ನು ಮಕ್ಕಳೇ ಹೇಳಿದರು.