ಆರೂವರೆ ಅಡಿ ದೂರದಿಂದ ಬಾದಾಮಿ

ಮೈಸೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವಾಗ ನನ್ನ ಹೆಗಲಚೀಲದಲ್ಲಿದ್ದದ್ದು ಒಂದು ಕ್ಯಾಮೆರಾ, ಎರಡು ಲೆನ್ಸ್. ಎರಡೂ ನಿಕಾನ್‌ನ ಹಳೆಯ ಮಾದರಿಗಳು. ಒಂದು 35 ಎಂ.ಎಂ. ಎಫ್/2, ಇನ್ನೊಂದು 50 ಎಂ.ಎಂ. ಎಫ್/1.8. ಮೊದಲನೆಯದು ಸುಮಾರು 205 ಗ್ರಾಂ ತೂಗುತ್ತದೆ, ಎರಡನೆಯದು ಅದಕ್ಕಿಂತಲೂ ಹಗುರ. ಮನೆಯಲ್ಲೇ ಬಿಟ್ಟುಬಂದ 24-70 ಜೂಮ್ ಅಂತೂ ಅದೊಂದೇ 900 ಗ್ರಾಂ. ಬಾದಾಮಿ, ಗುಳೇದಗುಡ್ಡ, ಪಟ್ಟದಕಲ್ಲು, ಐಹೊಳೆ ಸುತ್ತಿ ಮುಗಿಸುವಷ್ಟರಲ್ಲಿ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಮೇಲೆ ದೂರದ ಊರಿಗೆ ಹೊರಟರೂ ಅದೇ, ಸಂತೆಗೆ ಹೊರಟರೂ ಅದೇ ಜೊತೆಗಿರಬೇಕು ಎಂಬುದು ನನ್ನ ಹಂಬಲವಾಗಿತ್ತು. ಚೀಲದಲ್ಲಿ ನಾಲ್ಕೈದು ಲೆನ್ಸ್ ಇಟ್ಟುಕೊಂಡವರ ಗಮನ ಅರ್ಧ ಚೀಲದ ಕಡೆಗೇ ಇರುತ್ತದೆ. ಮುಂದೆ ನಡೆಯುತ್ತಿರುವುದು ನಡೆದು ಮುಗಿದಿರುತ್ತದೆ.

ಐವತ್ತನ್ನೇ ಆರಿಸಲು ಪುಸ್ತಕಗಳ ಬೆಂಬಲವಿದೆ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾಕ್ಕೆ ಕೂರಿಸಿದ್ದು 50 ಎಂ.ಎಂ. ಲೆನ್ಸ್. ಆಗಿನಿಂದ ಅದೇ ‘ನಾರ್ಮಲ್’ ಅನ್ನಿಸಿಕೊಂಡಿತು. ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸೋನ್ ಬದುಕಿನುದ್ದಕ್ಕೂ ಹೆಚ್ಚಾಗಿ ಅದನ್ನೇ ನೆಚ್ಚಿಕೊಂಡಿದ್ದರು. ಆದರೆ ಲೆಕ್ಕ ಹಾಕಿ ನೋಡಿದರೆ 24ಕ್ಕೆ 36 ಎಂ.ಎಂ. ಚೌಕಟ್ಟಿನ ಕರ್ಣದ ಉದ್ದ ಸುಮಾರು 43 ಎಂ.ಎಂ. ನಾರ್ಮಲ್ ಎಂದರೆ ಅದಕ್ಕೆ ಹತ್ತಿರವಿರುವುದು ಎಂದಾದರೆ ಐವತ್ತು ಏಳು ಮಿಲಿಮೀಟರು ಆಚೆ, ಮೂವತ್ತೈದು ಎಂಟು ಮಿಲಿಮೀಟರು ಈಚೆ. ಅಷ್ಟೇ ವ್ಯತ್ಯಾಸ. ಪುಸ್ತಕದಿಂದ ಬಗೆಹರಿಯುವ ವಿಷಯ ಇದಲ್ಲ ಎಂದು ನನಗೆ ಅನ್ನಿಸಿದ್ದು ಈ ಕಾರಣಕ್ಕೇ.

ಗದಗ ದಾಟಿ ಬೆಳಕು ಹರಿದಾಗ ಕಿಟಕಿಯಾಚೆ ಎರೆಹೊಲ. ಬಾದಾಮಿ ನಿಲ್ದಾಣದಿಂದ ಊರು ಐದು ಕಿಲೋಮೀಟರು. ಆಟೋದವರು ಸಾಲಾಗಿ ಕಾಯುತ್ತಿರುತ್ತಾರೆ. ಕೋಣೆಯಲ್ಲಿ ಮುಖ ತೊಳೆದು ನೇರ ಗುಹೆಗಳ ಕಡೆ ನಡೆದೆ.

ಬಾದಾಮಿಯ ಗುಹೆಗಳು ಕೆರೆಯ ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖಮಾಡಿ ಕೂತಿವೆ. ಹಾಗಾಗಿ ನೇರ ಬಿಸಿಲು ಒಳಗೆ ನುಗ್ಗುವುದು ಕಡಿಮೆ. ಅಂಗಳದ ಕಲ್ಲಿನಿಂದ, ಎದುರಿನ ಆಕಾಶದಿಂದ ಹೊರಳಿ ಬಂದ ಬೆಳಕೇ ಕಂಬಗಳ ನಡುವೆ ಹರಡಿಕೊಳ್ಳುತ್ತದೆ. ಆ ಬೆಳಕಿಗೆ ಮರಳುಗಲ್ಲಿನ ಕೆಂಪು ಹತ್ತಿರುತ್ತದೆ. ಸ್ಟ್ಯಾಂಡ್ ಊರಿ ಚಿತ್ರ ತೆಗೆಯಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಹಿಡಿದು ತೆಗೆಯುವವರಿಗೆ ಲೆನ್ಸಿನ ಬಾಯಿ ದೊಡ್ಡದಿರಬೇಕು. ಸಾಮಾನ್ಯ ಕಿಟ್ ಲೆನ್ಸ್ ಜೂಮ್ ಮಾಡಿದಾಗ ಎಫ್/5.6ಕ್ಕೆ ನಿಲ್ಲುತ್ತದೆ. ಎಫ್/2 ಅದರ ಎಂಟುಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಂಟುಪಟ್ಟು ಎಂಬುದು ಕಾಗದದ ಮೇಲಿನ ಸಂಖ್ಯೆ. ಮೂರನೆಯ ಗುಹೆಯ ಒಳಗೆ ನಿಂತಾಗ ಅದೇ ಚಿತ್ರ ನಡುಗುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ.

ಮೊದಲ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ತೋಳಿನ ನಟರಾಜ. ಅವನೆದುರು ಐವತ್ತು ಚೆನ್ನಾಗಿಯೇ ಒಪ್ಪಿತು. ಬಯಲಲ್ಲಿ ನಿಂತು ತೆಗೆಯಬಹುದಾದದ್ದಕ್ಕೆಲ್ಲ ಅದು ಒಪ್ಪುತ್ತದೆ: ತೋಳುಗಳ ಬೀಸು, ಬಾಗಿದ ಸೊಂಟ, ಪಕ್ಕದ ಪುಟ್ಟ ಗಣಪ. ತೊಡಕು ಶುರುವಾದದ್ದು ಮೂರನೆಯ ಗುಹೆಯಲ್ಲಿ. ಚಾಲುಕ್ಯರ ಮಂಗಳೇಶ 578ರಲ್ಲಿ ಕಡೆಸಿದ ಗುಹೆ ಇದು. ಅಂಥ ಕೆಲಸಕ್ಕೆ ನಿಶ್ಚಿತ ತೇದಿ ಸಿಗುವುದೇ ಅಪರೂಪ, ಇಲ್ಲಿ ಶಾಸನವೇ ಅದನ್ನು ಹೇಳುತ್ತದೆ. ಪಡಸಾಲೆ ಸುಮಾರು ಎಪ್ಪತ್ತು ಅಡಿ ಅಗಲ, ಆದರೆ ಆಳ ಸಾಲದು. ಆದಿಶೇಷನ ಸುರುಳಿಯ ಮೇಲೆ ಕೂತ ವಿಷ್ಣುವನ್ನು ಕಿರೀಟದಿಂದ ಹಾವಿನ ಸುರುಳಿಯವರೆಗೆ ಚೌಕಟ್ಟಿಗೆ ತರಬೇಕೆಂದು ಐವತ್ತು ಹಾಕಿಕೊಂಡು ಹಿಂದೆ ಸರಿದೆ. ಬೆನ್ನಿಗೆ ಕಂಬ ತಾಗಿತು. ಕಂಬ ಬಳಸಿ ಇನ್ನೂ ಹಿಂದೆ ಹೋದರೆ ಕಂಬವೇ ಅಡ್ಡ. ಮೂವತ್ತೈದಕ್ಕೆ ಬದಲಿಸಿದೆ. ಅದೇ ಕಂಬಕ್ಕೆ ಒರಗಿ ನಿಂತು ಎಫ್/2.8, ಅರುವತ್ತನೇ ಒಂದು ಸೆಕೆಂಡು. ವಿಷ್ಣುವೂ ಬಂದ, ಮೇಲೆ ಕಂಬದ ಬೋದಿಗೆಯಲ್ಲಿ ಒಬ್ಬರಿಗೊಬ್ಬರು ಒರಗಿ ನಿಂತ ದಂಪತಿಗಳೂ ಬಂದರು. ಶಿಲ್ಪಿ ಅವರನ್ನು ಒಂದೇ ನೋಟಕ್ಕೆಂದೇ ಅಲ್ಲಿ ಕೂರಿಸಿರಬೇಕು ಎಂದು ನನ್ನ ನಂಬಿಕೆ. ದೇವರ ಹತ್ತಿರ ಬಂದವರು ತಲೆ ಎತ್ತಿದರೆ ಮನುಷ್ಯರು ಕಾಣಬೇಕು.

ಮಧ್ಯಾಹ್ನ ಬನಶಂಕರಿಗೆ ಹೋದೆ. ಹರಿದ್ರಾ ತೀರ್ಥದ ಕಲ್ಲುಮಂಟಪಗಳನ್ನು ನೋಡಿ ಬರುವಷ್ಟರಲ್ಲಿ ಬುಟ್ಟಿ ಹೊತ್ತ ಹೆಂಗಸರು ಸುತ್ತುವರಿದರು. “ಬರ್ರಿ ಅಣ್ಣಾರ, ರೊಟ್ಟಿ ಊಟ ಐತಿ, ಕುಂದರ್ರಿ.” ಬನಶಂಕರಿಗೆ ಬಂದು ಈ ಊಟ ಉಣ್ಣದೆ ಹೋಗುವವರು ಗುಡಿಯ ಅರ್ಧವನ್ನೇ ನೋಡಿದ ಹಾಗೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಕೆಂಪು ಖಾರ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರು.

ಚಕ್ಕಳಮಕ್ಕಳ ಹಾಕಿ ಕೂತ ಕಡೆಯಿಂದಲೇ ತಟ್ಟೆಯ ಚಿತ್ರ ತೆಗೆಯಲು ಐವತ್ತಕ್ಕೆ ಆಗಲಿಲ್ಲ, ಅದರ ಹತ್ತಿರದ ಫೋಕಸ್ 45 ಸೆಂಟಿಮೀಟರು. ಮೂವತ್ತೈದು 25 ಸೆಂಟಿಮೀಟರಿನವರೆಗೆ ಬರುತ್ತದೆ. ರೊಟ್ಟಿಯ ಮೇಲಿನ ಕಂದುಚುಕ್ಕೆ, ಎಣ್ಣೆ ಬಿಟ್ಟುಕೊಂಡ ಬದನೆಯ ಅಂಚು, ಬಡಿಸುವವರ ಕೈಬಳೆ ಎಲ್ಲ ಒಟ್ಟಿಗೆ ಸಿಕ್ಕಿದವು. ಬಡಿಸುತ್ತಿದ್ದ ಅಕ್ಕ ನಗುತ್ತಿದ್ದರು. “ರೊಟ್ಟಿ ಆರತೈತಿ, ಮೊದಲ ಉಣ್ರಿ” ಎಂದಮೇಲೆ ಕ್ಯಾಮೆರಾ ಕೆಳಗಿಟ್ಟೆ.

ಅಂದಿನ ಸಂಜೆ ಕೋಣೆಯಲ್ಲಿ ಒಂದು ಲೆಕ್ಕ ಹಾಕಿದೆ. ನಿಂತ ಮನುಷ್ಯನನ್ನು ತಲೆಯಿಂದ ಪಾದದವರೆಗೆ, ಮೇಲೆ ಕೆಳಗೆ ಒಂದಿಷ್ಟು ಜಾಗ ಬಿಟ್ಟು, ಕ್ಯಾಮೆರಾ ಲಂಬವಾಗಿ ಹಿಡಿದು ತೆಗೆಯಬೇಕು ಎಂದಿಟ್ಟುಕೊಳ್ಳಿ. ಐವತ್ತರಲ್ಲಿ ಒಂಬತ್ತು ಅಡಿ ದೂರ ನಿಲ್ಲಬೇಕು. ಮೂವತ್ತೈದರಲ್ಲಿ ಆರೂವರೆ ಅಡಿ ಸಾಕು. ಇಡೀ ಪ್ರವಾಸದಲ್ಲಿ ನಾನು ಕಂಡುಕೊಂಡದ್ದೆಲ್ಲ ಈ ಎರಡೂವರೆ ಅಡಿಯೊಳಗಿದೆ. ಒಂಬತ್ತು ಅಡಿಯಿಂದ ಮಾತಾಡಬೇಕಾದರೆ ದನಿ ಎತ್ತಬೇಕು, ನಡುವೆ ಒಬ್ಬರು ಹಾದುಹೋಗುವಷ್ಟು ಜಾಗ ಇರುತ್ತದೆ. ಆರೂವರೆ ಅಡಿ ಎಂದರೆ ಜಗಲಿಯ ಮೇಲೆ ಕೂತವರೂ ಅಂಗಳದಲ್ಲಿ ನಿಂತವರೂ ಮಾಮೂಲಿ ದನಿಯಲ್ಲಿ ಮಾತಾಡಿಕೊಳ್ಳುವ ದೂರ. ಅಲ್ಲಿಂದ ಚಿತ್ರ ತೆಗೆಯಬೇಕಾದರೆ ಮೊದಲು ಮಾತಾಡಲೇಬೇಕು, ಕದ್ದು ತೆಗೆಯುವ ಹಾಗಿಲ್ಲ. ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡುವಾಗೆಲ್ಲ ನನಗೆ ಎದ್ದು ಕಾಣುವುದು ಈ ಮಾತುಕತೆಯ ಸಲುಗೆ. ಸಾಮಾನ್ಯ ಜನ, ಮಕ್ಕಳು ಅವರ ಮುಂದೆ ಗಾಬರಿಯಾಗಿಲ್ಲ, ಬಿಗಿದುಕೊಂಡೂ ಇಲ್ಲ.

ಮರುದಿನ ಗುಳೇದಗುಡ್ಡ. ಕುಪ್ಪಸದ ಖಣಕ್ಕೆ ಹೆಸರಾದ ಊರು. ಓಣಿಗೆ ಕಾಲಿಟ್ಟರೆ ಮಗ್ಗದ ಲಟಲಟ ಕಿವಿಗೆ ಬೀಳುತ್ತದೆ. ಆದರೆ ಮೊದಲಿನಷ್ಟು ಮನೆಗಳಿಂದ ಈಗ ಬರುವುದಿಲ್ಲ ಎಂದು ಚಹಾದಂಗಡಿಯವರು ಹೇಳಿದರು. ಒಂದು ಮನೆಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದೆ. ಒಳಗೆ ಕತ್ತಲು, ಆಮೇಲೆ ನಿಧಾನಕ್ಕೆ ಕಂಡ ಮಗ್ಗ, ಅದರ ಹಿಂದೆ ಒಬ್ಬ ಹಿರಿಯ ಹೆಂಗಸು.

“ಒಳಗ ಬಾ ತಮ್ಮಾ. ಅಲ್ಲೇ ನಿಂತ್ರ ಏನ್ ಕಾಣತೈತಿ?”

ಒಳಗೆ ಹೋದೆ. ಕೋಣೆ ಹತ್ತಡಿ ಇದ್ದರೆ ಹೆಚ್ಚು. ಅದರಲ್ಲಿ ಮುಕ್ಕಾಲು ಭಾಗ ಮಗ್ಗದ್ದೇ. ಅದು ಕುಣಿ ಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಹಲಗೆ ತುಳಿದಾಗ ಹಾಸಿನ ಎಳೆಗಳು ಎರಡು ಪದರಾಗಿ ಬಾಯಿ ಬಿಡುತ್ತವೆ, ಆ ಬಾಯೊಳಗೆ ಲಾಳಿ ಹೊಕ್ಕು ಆಚೆ ಬದಿಗೆ ಹೋಗುತ್ತದೆ, ಹಣಿಗೆ ಬಂದು ಎಳೆಯನ್ನು ಬಡಿದು ಕೂರಿಸುತ್ತದೆ. ಕೈಯೂ ಕಾಲೂ ಒಂದರ ಹಿಂದೊಂದು ಕೆಲಸ ಮಾಡಬೇಕು. ಅಮ್ಮನ ಕಣ್ಣು ಬಟ್ಟೆಯ ಮೇಲೆ ಇರಲೇ ಇಲ್ಲ, ನನ್ನನ್ನೇ ನೋಡುತ್ತ ಊರು ಯಾವುದು, ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ವಿಚಾರಿಸುತ್ತಿದ್ದರು. ನೂಲು ತುಂಡಾದಾಗ ಮಾತ್ರ ಮಾತು ನಿಂತಿತು. ಹೆಬ್ಬೆರಳು ತೋರುಬೆರಳಲ್ಲಿ ತುದಿಗಳನ್ನು ಹೊಸೆದು ಗಂಟು ಹಾಕಿದ್ದು ನನಗೆ ಕಾಣಲೇ ಇಲ್ಲ, ಅಷ್ಟು ಬೇಗ.

ಇಲ್ಲಿ ಐವತ್ತನ್ನು ಚೀಲದಿಂದ ತೆಗೆಯುವ ಪ್ರಶ್ನೆಯೇ ಬರಲಿಲ್ಲ. ತೆಗೆದಿದ್ದರೆ ಅಮ್ಮನ ಮುಖ ಮಾತ್ರ ಸಿಗುತ್ತಿತ್ತು. ಸುಂದರವಾದ ಮುಖವೇ, ಹಿಂದೆ ಎಲ್ಲ ಮಸುಕಾಗಿ. ಆದರೆ ಮಗ್ಗವಿಲ್ಲದೆ ಆ ಮುಖಕ್ಕೆ ಅರ್ಥವಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಮೊಣಕಾಲೂರಿ ಅವರ ಕಣ್ಣಿನ ಮಟ್ಟಕ್ಕೆ ಇಳಿದೆ. ಒಂದೇ ಒಂದು ಕಿಟಕಿ, ಎಡಗಡೆ. ಎಫ್/2ರಲ್ಲಿ ಆ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ಒಂದೂಕಾಲು ಅಡಿ ಮಾತ್ರ. ಮುಖಕ್ಕೆ ಫೋಕಸ್ ಕಟ್ಟಿದರೆ ಹಣಿಗೆಯ ಮೇಲಿನ ಕೈ ಕರಗಿಹೋಗುತ್ತದೆ. ಅದಕ್ಕೆ ಎಫ್/4ಕ್ಕೆ ಇಳಿಸಿ, ಐಎಸ್‌ಒ ಏರಿಸಿ, ಶಟರ್ ವೇಗವನ್ನು ಮೂವತ್ತನೇ ಒಂದು ಸೆಕೆಂಡಿಗೆ ತಂದೆ. ಲಾಳಿ ಒಂದು ಬಿಳಿಗೆರೆಯಾಯಿತು. ಮುಖ, ಕೈ, ಚಾಚಿಕೊಂಡ ಹಾಸು, ಗೋಡೆಯ ಮೇಲಿನ ಕ್ಯಾಲೆಂಡರ್, ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮೊಮ್ಮಗಳು ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಇದ್ದರು.

ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. “ಮಗ್ಗಾನೂ ಬಂದೈತಿ ನೋಡ” ಎಂದು ಮೊಮ್ಮಗಳನ್ನು ಕರೆದರು. ಆ ಗಳಿಗೆಯಲ್ಲಿ ನನ್ನ ಆಯ್ಕೆ ಮುಗಿದಿತ್ತು.

ಪಟ್ಟದಕಲ್ಲಿನಲ್ಲಿ ನಿಂತದ್ದು ಕಡಿಮೆ, ಜನ ಬಹಳ ಇದ್ದರು. ಕಂಚಿಯ ಪಲ್ಲವರ ಮೇಲಿನ ವಿಕ್ರಮಾದಿತ್ಯನ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಮೂವತ್ತೈದಕ್ಕೆ ಸಲೀಸಾಗಿ ಒಗ್ಗಲಿಲ್ಲ. ಹತ್ತಿರ ನಿಂತು ಮೇಲಕ್ಕೆ ತಿರುಗಿಸಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ಕ್ಯಾಮೆರಾ ನೆಟ್ಟಗಿಟ್ಟು ಹುಲ್ಲುಹಾಸಿನ ಮೇಲೆ ಹಿಂದೆ ಹಿಂದೆ ನಡೆದು ಹೋಗಬೇಕಾಯಿತು. ಶಿಖರದ ಮೇಲಿನ ಸಣ್ಣ ಶಿಲ್ಪಗಳು ಈ ಲೆನ್ಸಿಗೆ ಎಟುಕುವುದೇ ಇಲ್ಲ. ಅವನ್ನು ಕಣ್ಣಿಂದ ನೋಡಿ ಬಂದೆ. ದಿನವೂ ಜೊತೆಗಿರುವ ಲೆನ್ಸ್ ಎಂದರೆ ಇಂಥ ಕೆಲವನ್ನು ಬಿಟ್ಟುಕೊಡಲು ಒಪ್ಪಿಕೊಂಡಂತೆ. ಹಕ್ಕಿಯೂ ಇಲ್ಲ, ದೂರದ ಕೋಡುಗಲ್ಲೂ ಇಲ್ಲ. ಐಹೊಳೆಯಲ್ಲಿ ಮಾತ್ರ ಮತ್ತೆ ಮನಸ್ಸು ತುಂಬಿತು. ದುರ್ಗ ಗುಡಿಯ ಗಜಪೃಷ್ಠದ ಸುತ್ತ ತಿರುಗುವ ಕಂಬಸಾಲಿನಲ್ಲಿ ಬೆಳಕು ಮೆಟ್ಟಿಲುಮೆಟ್ಟಿಲಾಗಿ ಬೀಳುತ್ತದೆ. ಮೇಗುತಿ ಗುಡ್ಡ ಹತ್ತಿ, 634ರ ರವಿಕೀರ್ತಿಯ ಶಾಸನದ ಮುಂದೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಕ್ಷರಗಳನ್ನು ತೆಗೆದೆ. ಓರೆಬಿಸಿಲಿಗೆ ಉಳಿಯ ಗೀರು ಗೀರೂ ಎದ್ದು ಕಾಣುತ್ತಿತ್ತು.

ಐಹೊಳೆಯಿಂದ ಅಮೀನಗಡದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಕಾಲೇಜು ಹುಡುಗನ ಕೊರಳಲ್ಲೂ ನಿಕಾನ್ ಇತ್ತು, ಸಣ್ಣ ಸೆನ್ಸರಿನದು. “ಸರ್, ಒಂದ್ ಲೆನ್ಸ್ ತಗೋಬೇಕಂತೀನ್ರಿ, ಯಾವ್ದು ಚಲೋ?” ಎಂದ. ನನ್ನ ಮೂವತ್ತೈದನ್ನು ಅವನ ಕ್ಯಾಮೆರಾಕ್ಕೆ ಹಾಕಿ ಕೊಟ್ಟೆ. ಅವನ ಮಾದರಿಯಲ್ಲಿ ಒಳಗೆ ಮೋಟಾರು ಇಲ್ಲ, ಆದ್ದರಿಂದ ಈ ಹಳೆಯ ಲೆನ್ಸಿಗೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ತಿರುಗಿಸಿ ನೋಡಿ, “ಹಿಂದ ಸರಿಬೇಕಾಗತೈತ್ರೀ” ಎಂದ. ನಿಜ. ಸಣ್ಣ ಸೆನ್ಸರಿನ ಮೇಲೆ ಮೂವತ್ತೈದು ಸುಮಾರು ಐವತ್ತೆರಡರ ಹಾಗೆ ನೋಡುತ್ತದೆ. ನನ್ನ ನೋಟ ಅವನಿಗೆ ಬೇಕಾದರೆ 24 ಕೊಳ್ಳಬೇಕು. ಆದರೆ ನನ್ನ ನೋಟ ಅವನಿಗೆ ಬೇಕೋ ಬೇಡವೋ?

“ಹೆಚ್ಚಾಗಿ ಏನು ತೆಗೀತೀಯಪ್ಪಾ?” ಎಂದು ಕೇಳಿದೆ.

“ನಮ್ಮಪ್ಪಂದು ಕರದಂಟಿನ ಅಂಗಡಿ ಐತ್ರಿ. ಅಪ್ಪ ಪಾಕ ಕುದಿಸೂದು ತೆಗೀಬೇಕ್ರಿ.”

ಅಮೀನಗಡದಲ್ಲಿ ಇಳಿದು ಅವನ ಜೊತೆಗೇ ನಡೆದೆ. ಅಂಗಡಿಯ ಹಿಂಭಾಗದಲ್ಲಿ ಬೆಲ್ಲದ ಪಾಕ ದೊಡ್ಡ ಬಾಂಡಲೆಯಲ್ಲಿ ಉಕ್ಕುತ್ತಿತ್ತು, ಅವನ ತಂದೆ ಉದ್ದನೆಯ ಸೌಟಿನಲ್ಲಿ ತಿರುವುತ್ತಿದ್ದರು, ಪಕ್ಕದ ತಟ್ಟೆಯಲ್ಲಿ ಹುರಿದ ಅಂಟು, ಉತ್ತತ್ತಿ, ಕೊಬ್ಬರಿ. ಒಲೆಯ ಅಂಚಿನಿಂದ ಎದುರಿನ ಗೋಡೆಯವರೆಗೆ ಹುಡುಗ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆದ. ಏಳು ಅಡಿ ಬಂತು. ಹಾಗಿದ್ದರೆ 24ನ್ನೇ ತಗೋ ಎಂದೆ.